ಬಿಳಿ ಅಂಗಿ, ಬೆಳಗುವ ಬತ್ತಿ, ಮನೆಯ ಕೇಕು



ಫೆಬ್ರವರಿ 2ರಂದು ಧರ್ಮಸಭೆ ಬಾಲಯೇಸುವನ್ನು ದೇವಾಲಯದಲ್ಲಿ ಸಮರ್ಪಿಸಿದ ಹಬ್ಬವನ್ನು ಆಚರಿಸುತ್ತದೆ. ಕ್ರಿಸ್ತಜಯಂತಿಯಿಂದ ಎಣಿಸಿದರೆ ಅದು ನಲವತ್ತನೆಯ ದಿನ. ಅಂದು ನಾವು ಮೇಣದ ಬತ್ತಿಗಳನ್ನು ಮಂತ್ರಿಸಿಕೊಂಡು, ಹೊತ್ತಿಸಿಕೊಂಡು, ಮೆರವಣಿಗೆಯಲ್ಲಿ ದೇವಾಲಯವನ್ನು ಪ್ರವೇಶಿಸುತ್ತೇವೆ. ವೃದ್ಧ ಸಿಮೆಯೋನನು ಆ ಹಸುಗೂಸನ್ನು ಕೈಗೆತ್ತಿಕೊಂಡು, ಈ ಮಗು ಜನಾಂಗಗಳಿಗೆಲ್ಲ ಬೆಳಕು ಎಂದು ಸಾರಿದ್ದನ್ನು ನೆನೆಯುತ್ತೇವೆ.

ಆದರೆ ಆ ದಿನದ ಶುಭಸಂದೇಶದಲ್ಲಿ ಒಂದು ಸಣ್ಣ ಮಾತಿದೆ. ಅನೇಕ ವೇಳೆ ಅದು ನಮ್ಮ ಕಿವಿಗೆ ಬಿದ್ದರೂ ಮನಸ್ಸಿಗೆ ಬೀಳುವುದಿಲ್ಲ. ಹೆರಿಗೆಯಾದ ತಾಯಿ ಒಂದು ವರ್ಷದ ಕುರಿಮರಿಯನ್ನೂ ಒಂದು ಪಾರಿವಾಳವನ್ನೂ ಕಾಣಿಕೆಯಾಗಿ ತರಬೇಕೆಂದು ಯಾಜಕಕಾಂಡದ ಹನ್ನೆರಡನೆಯ ಅಧ್ಯಾಯ ವಿಧಿಸುತ್ತದೆ. ಕುರಿಮರಿ ಕೊಳ್ಳಲು ಶಕ್ತಿ ಇಲ್ಲದವರು ಎರಡು ಬೆಳವಕ್ಕಿಗಳನ್ನೋ ಎರಡು ಪಾರಿವಾಳದ ಮರಿಗಳನ್ನೋ ತಂದರೆ ಸಾಕು ಎಂದೂ ಅಲ್ಲೇ ಹೇಳಿದೆ. ಮಾತೆ ಮರಿಯಮ್ಮನವರೂ ಸಂತ ಜೋಸೆಫರೂ ತಂದದ್ದು ಈ ಬಡವರ ಕಾಣಿಕೆಯನ್ನೇ. ಅವರು ಸಾಲ ಮಾಡಿ ಕುರಿಮರಿ ತರಲಿಲ್ಲ. ಕೈಯಲ್ಲಿ ಹಣ ಸೇರುವವರೆಗೆ ಕಾಯೋಣ ಎಂದು ದಿನವನ್ನೂ ಮುಂದೂಡಲಿಲ್ಲ. ತಮ್ಮಲ್ಲಿದ್ದುದನ್ನು ತಂದರು, ಸರಿಯಾದ ದಿನಕ್ಕೆ ತಂದರು. ಲೋಕರಕ್ಷಕನಿಗಾಗಿ ಅವನ ಕುಟುಂಬ ದೇವಾಲಯದಲ್ಲಿ ನಡೆಸಿದ ಮೊದಲ ಆಚರಣೆ ಹೀಗೆ ಸರಳವಾಗಿ ನಡೆಯಿತು.

ನಮ್ಮ ಮನೆಗಳಲ್ಲಿ ಮಗು ಹುಟ್ಟಿದಾಗ ನಡೆಯುವ ಹಬ್ಬಗಳ ಬಗ್ಗೆ, ಅವುಗಳಿಗೆ ಮನೆಯಲ್ಲೇ ಹೊಲಿಯಬಹುದಾದ, ಬೇಯಿಸಬಹುದಾದ ವಸ್ತುಗಳ ಬಗ್ಗೆ ಈ ಹಬ್ಬದ ಬೆಳಕಿನಲ್ಲಿ ಯೋಚಿಸೋಣ.

ತಡವಾಗುತ್ತಿರುವ ಜ್ಞಾನಸ್ನಾನ

"ಫಾದರ್, ಹಾಲ್ ಇನ್ನೂ ಸಿಕ್ಕಿಲ್ಲ", "ಮಗುವಿನ ಮಾವ ದುಬೈನಿಂದ ಬರಬೇಕು", "ಸ್ವಲ್ಪ ದುಡ್ಡು ಹೊಂದಿಸಿಕೊಂಡು ಬರ್ತೀವಿ ಫಾದರ್". ಧರ್ಮಕೇಂದ್ರಗಳಲ್ಲಿ ಸೇವೆ ಸಲ್ಲಿಸುವ ನಮಗೆ ಈ ಮಾತುಗಳು ಹೊಸದೇನೂ ಅಲ್ಲ. ಹೀಗೆ ಹೇಳುತ್ತ ಹೇಳುತ್ತ ಮಗುವಿಗೆ ಎಂಟು ತಿಂಗಳಾಗುತ್ತದೆ, ವರ್ಷವಾಗುತ್ತದೆ. ಕೊನೆಗೆ ಮೊದಲ ಹುಟ್ಟುಹಬ್ಬ ಮತ್ತು ಜ್ಞಾನಸ್ನಾನ ಎರಡನ್ನೂ ಒಂದೇ ದಿನ, ಒಂದೇ ಶಾಮಿಯಾನದಡಿ ಮುಗಿಸುವವರೂ ಇದ್ದಾರೆ.

ಧರ್ಮಸಭೆಯ ನಿಯಮ ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 867ನೆಯ ವಿಧಿಯ ಪ್ರಕಾರ, ಮಗು ಹುಟ್ಟಿದ ಮೊದಲ ಕೆಲವು ವಾರಗಳಲ್ಲೇ ಜ್ಞಾನಸ್ನಾನ ಕೊಡಿಸುವುದು ತಂದೆತಾಯಿಯರ ಹೊಣೆ. ಹುಟ್ಟಿದ ಕೂಡಲೇ, ಸಾಧ್ಯವಾದರೆ ಹುಟ್ಟುವ ಮೊದಲೇ, ಧರ್ಮಗುರುಗಳನ್ನು ಕಂಡು ಮಾತನಾಡಬೇಕು. ಮಗುವಿನ ಪ್ರಾಣಕ್ಕೆ ಅಪಾಯವಿದ್ದರೆ ಒಂದು ಕ್ಷಣವೂ ತಡಮಾಡಬಾರದು. ಆಸ್ಪತ್ರೆಯ ತುರ್ತು ಘಟಕದಲ್ಲಿ ಧರ್ಮಗುರು ಸಿಗದಿದ್ದರೆ, ಧರ್ಮಸಭೆಯ ಉದ್ದೇಶವನ್ನೇ ಮನಸ್ಸಿನಲ್ಲಿಟ್ಟುಕೊಂಡ ಯಾರು ಬೇಕಾದರೂ, ನರ್ಸ್ ಕೂಡ, ಮಗುವಿನ ತಲೆಯ ಮೇಲೆ ನೀರೆರೆಯುತ್ತಾ ಪಿತ, ಸುತ ಮತ್ತು ಪವಿತ್ರಾತ್ಮರ ನಾಮದಲ್ಲಿ ಜ್ಞಾನಸ್ನಾನ ಕೊಡಬಹುದು. ಮಗು ಗುಣವಾಗಿ ಮನೆಗೆ ಬಂದಮೇಲೆ ದೇವಾಲಯಕ್ಕೆ ಕರೆತಂದರೆ ಬಿಳಿ ಅಂಗಿ, ಬತ್ತಿ ಮುಂತಾದ ಉಳಿದ ವಿಧಿಗಳನ್ನು ನೆರವೇರಿಸಲಾಗುತ್ತದೆ.

ಅಂದರೆ ಸಂಸ್ಕಾರಕ್ಕೆ ಬೇಕಾದದ್ದು ನೀರು, ವಚನ ಮತ್ತು ವಿಶ್ವಾಸ. ಹಾಲ್ ಅಲ್ಲ, ಮೂರಂತಸ್ತಿನ ಕೇಕೂ ಅಲ್ಲ. ಹಾಗೆಂದು ಹಬ್ಬ ಬೇಡವೆಂದು ನಾವು ಹೇಳುತ್ತಿಲ್ಲ. ಮಗು ಬಂದ ಮನೆಯಲ್ಲಿ ಸಂತೋಷ ಇರಲೇಬೇಕು. ಇಸಾಕನು ಎದೆಹಾಲು ಬಿಟ್ಟ ದಿನ ಅಬ್ರಹಾಮನು ದೊಡ್ಡ ಔತಣ ಮಾಡಿಸಿದನೆಂದು ಆದಿಕಾಂಡದ ಇಪ್ಪತ್ತೊಂದನೆಯ ಅಧ್ಯಾಯ ಹೇಳುತ್ತದೆ. ಔತಣಕ್ಕೆ ದೇವರ ವಿರೋಧವಿಲ್ಲ. ಆದರೆ ಔತಣದ ಖರ್ಚಿಗೆ ಹೆದರಿ ಸಂಸ್ಕಾರವೇ ಹಿಂದೆ ಸರಿದರೆ, ಸಂಘದಲ್ಲಿ ತೆಗೆದ ಸಾಲದ ಕಂತು ಮಗುವಿನ ಹಾಲಿನ ದುಡ್ಡನ್ನೇ ನುಂಗಿದರೆ, ಅದು ಯಾರ ಹಬ್ಬ? ಖರ್ಚಿನ ಭಯವನ್ನು ಕಳೆಯುವ ದಾರಿ ನಮ್ಮ ಅಜ್ಜಿಯರಿಗೆ ತಿಳಿದಿತ್ತು. ಹಬ್ಬಕ್ಕೆ ಬೇಕಾದದ್ದನ್ನು ಅವರು ಮನೆಯಲ್ಲೇ ಮಾಡುತ್ತಿದ್ದರು.

ಪವಿತ್ರ ಗ್ರಂಥದಲ್ಲಿ ಮನೆಯ ಕೈಕೆಲಸ

ಬೈಬಲ್ಲನ್ನು ತೆರೆದರೆ ಮಗುವಿಗಾಗಿ ದುಡಿಯುವ ಕೈಗಳು ಕಣ್ಣಿಗೆ ಬೀಳುತ್ತವೆ. ಬೆತ್ಲೆಹೇಮಿನ ಗೋದಲಿಯ ಬಳಿ ಮರಿಯಮ್ಮನವರು ತಮ್ಮ ಚೊಚ್ಚಲ ಮಗನನ್ನು ಬಟ್ಟೆಯಲ್ಲಿ ಸುತ್ತಿ ಮಲಗಿಸಿದರು. ಸಂತ ಲೂಕ ಈ ವಿವರವನ್ನು ಬಿಡದೆ ಬರೆದಿಟ್ಟಿದ್ದಾನೆ. ಅಷ್ಟೇ ಅಲ್ಲ, ಕುರುಬರಿಗೆ ದೇವದೂತ ಕೊಟ್ಟ ಗುರುತೂ ಅದೇ ಬಟ್ಟೆ.

ಸಮುವೇಲನ ತಾಯಿ ಹನ್ನಳ ಕಥೆಯೂ ಇದೆ. ಬಹುಕಾಲ ಮಕ್ಕಳಿಲ್ಲದೆ ಕಣ್ಣೀರಿಟ್ಟ ಆ ತಾಯಿ, ಹುಟ್ಟಿದ ಮಗನನ್ನು ಶಿಲೋವಿನ ದೇವಾಲಯಕ್ಕೆ ಒಪ್ಪಿಸಿದಳು. ಆಮೇಲೆ ಪ್ರತಿ ವರ್ಷ ಒಂದು ಪುಟ್ಟ ನಿಲುವಂಗಿಯನ್ನು ತಾನೇ ಮಾಡಿಕೊಂಡು, ವಾರ್ಷಿಕ ಬಲಿಗೆ ಬರುವಾಗ ಮಗನಿಗೆ ತಂದುಕೊಡುತ್ತಿದ್ದಳು. ಮಗ ಎದುರಿಗಿಲ್ಲ. ಎಷ್ಟು ಬೆಳೆದಿದ್ದಾನೆ ಎಂಬುದನ್ನು ಅವಳು ಮನಸ್ಸಿನಲ್ಲೇ ಅಳೆದುಕೊಳ್ಳಬೇಕು. ಹೊಲಿಯುವಷ್ಟು ದಿನವೂ ಅವಳು ಅವನ ಜೊತೆಯಲ್ಲೇ ಇದ್ದಳು ಎನ್ನಬಹುದಲ್ಲವೇ?

ಪ್ರೇಷಿತರ ಕಾರ್ಯಕಲಾಪಗಳ ಒಂಬತ್ತನೆಯ ಅಧ್ಯಾಯದಲ್ಲಿ ಜೊಪ್ಪ ಪಟ್ಟಣದ ತಬಿಥ ಎಂಬಾಕೆ ಬರುತ್ತಾಳೆ. ದೊರ್ಕ ಎಂಬುದೂ ಅವಳದೇ ಹೆಸರು. ಅವಳು ತೀರಿಕೊಂಡಾಗ ಸಂತ ಪೇತ್ರನ ಸುತ್ತ ನಿಂತ ವಿಧವೆಯರು ಅವಳ ಗುಣಗಾನವನ್ನು ಮಾತಿನಲ್ಲಿ ಮಾಡಲಿಲ್ಲ. ಅವಳು ಬದುಕಿದ್ದಾಗ ಹೊಲಿದುಕೊಟ್ಟ ಅಂಗಿಗಳನ್ನು ತೋರಿಸಿ ಅತ್ತರು. ಇನ್ನು ಅಡುಗೆಯ ವಿಷಯಕ್ಕೆ ಬಂದರೆ, ಮಮ್ರೆಯ ಓಕ್ ಮರಗಳ ಬಳಿ ಬಂದ ಮೂವರು ಅತಿಥಿಗಳಿಗಾಗಿ ಸಾರಳು ಹಿಟ್ಟು ನಾದಿ ರೊಟ್ಟಿ ಸುಟ್ಟಳು. ಮಗ ಹುಟ್ಟುವನೆಂಬ ವಾಗ್ದಾನವನ್ನು ಅವಳು ಕೇಳಿಸಿಕೊಂಡದ್ದು ಆ ಊಟದ ಹೊತ್ತಿನಲ್ಲೇ.

ಬಿಳಿ ಅಂಗಿ: ಹೊಲಿಯಬೇಕಾದವರು ಯಾರು?

ಸಂತ ಆರನೆಯ ಪೌಲರ ಕಾಲದಲ್ಲಿ, 1969ರಲ್ಲಿ, ಮಕ್ಕಳ ಜ್ಞಾನಸ್ನಾನದ ನವೀಕೃತ ವಿಧಿ ಪ್ರಕಟವಾಯಿತು. ಮಗುವಿಗೆ ಬಿಳಿ ಅಂಗಿ ತೊಡಿಸುವ ಭಾಗದಲ್ಲಿ ಒಂದು ಸೂಚನೆ ಇದೆ. ಆ ಅಂಗಿಯನ್ನು ಕುಟುಂಬದವರೇ ಒದಗಿಸುವುದು ಅಪೇಕ್ಷಣೀಯ ಎಂಬುದು ಅದರ ಅರ್ಥ. ದೇವಾಲಯದ ಕಪಾಟಿನಿಂದ ತೆಗೆದ, ಎಲ್ಲ ಮಕ್ಕಳ ಎದೆಯ ಮೇಲೂ ಒಂದು ಕ್ಷಣ ಇಟ್ಟು ತೆಗೆಯುವ ಬಿಳಿ ತುಂಡಿಗಿಂತ, ಮಗು ನಿಜವಾಗಿ ತೊಡುವ ಅಂಗಿ ಅರ್ಥಪೂರ್ಣ. ಜ್ಞಾನಸ್ನಾನ ಪಡೆದವರು ಕ್ರಿಸ್ತನನ್ನೇ ತೊಟ್ಟುಕೊಂಡಿದ್ದಾರೆಂದು ಸಂತ ಪೌಲ ಗಲಾತ್ಯರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯದಲ್ಲಿ ಹೇಳುತ್ತಾನೆ. ಬಿಳಿ ಅಂಗಿ ಆ ಮಾತಿಗೆ ಕಣ್ಣಿಗೆ ಕಾಣುವ ಗುರುತು.

ಈ ಅಂಗಿಯನ್ನು ಹೊಲಿಯುವುದು ಕಷ್ಟದ ಕೆಲಸವಲ್ಲ. ಒಂದು ಮೀಟರ್ ಬಿಳಿ ಮಲ್ ಬಟ್ಟೆ ಅಥವಾ ಮೆತ್ತನೆಯ ಹತ್ತಿ ಬಟ್ಟೆ ಧಾರಾಳವಾಗಿ ಸಾಕು. ಕತ್ತರಿಸುವ ಮೊದಲು ಒಮ್ಮೆ ಒಗೆದು ಒಣಗಿಸಿ. ಇಲ್ಲವಾದರೆ ಹೊಲಿದಮೇಲೆ ಕುಗ್ಗುತ್ತದೆ. ಎರಡು ಮೂರು ತಿಂಗಳ ಮಗುವಿಗೆ ಭುಜದಿಂದ ಸುಮಾರು 45 ಸೆಂಟಿಮೀಟರ್ ಉದ್ದ, ಮುಂದೆ ಹಿಂದೆ ತಲಾ 28 ಸೆಂಟಿಮೀಟರ್ ಅಗಲ ಇಟ್ಟು, ಹೊಲಿಗೆಗೆಂದು ಸುತ್ತಲೂ ಒಂದೂವರೆ ಸೆಂಟಿಮೀಟರ್ ಬಿಡಿ. ಎಲ್ಲಕ್ಕಿಂತ ಒಳ್ಳೆಯ ಅಳತೆ ಮಗು ಈಗ ತೊಡುತ್ತಿರುವ ಅಂಗಿ. ಅದನ್ನು ಬಟ್ಟೆಯ ಮೇಲೆ ಹಾಸಿ ಸ್ವಲ್ಪ ಸಡಿಲ ಬಿಟ್ಟು ಗುರುತು ಮಾಡಿಕೊಂಡರಾಯಿತು. ಬೆನ್ನಿನ ಕಡೆ ಕತ್ತಿನಿಂದ ಹತ್ತು ಹನ್ನೆರಡು ಸೆಂಟಿಮೀಟರ್ ಸೀಳಿದ್ದರೆ ತಲೆ ಸಲೀಸಾಗಿ ತೂರುತ್ತದೆ. ಎಣ್ಣೆ ಹಚ್ಚಲು ಎದೆಯ ಭಾಗ, ನೀರೆರೆಯಲು ತಲೆ ಸುಲಭವಾಗಿ ಸಿಗುವಂತೆ ಮಗುವನ್ನು ಹಗುರವಾದ ಬಟ್ಟೆಯಲ್ಲಿ ಕರೆತಂದು, ಈ ಬಿಳಿ ಅಂಗಿಯನ್ನು ವಿಧಿಯ ವೇಳೆಯಲ್ಲೇ ತೊಡಿಸುವುದು ಚೆನ್ನ.

ಕೆಲವು ಎಚ್ಚರಿಕೆಗಳು ಬೇಕು. ಹೊಲಿಗೆಯ ಅಂಚು ಚರ್ಮಕ್ಕೆ ಒರಸದಂತೆ ಒಳಕ್ಕೆ ಮಡಿಚಿ ಹೊಲಿಯಿರಿ. ಮಣಿ, ಮುತ್ತು, ಮಿಂಚು, ಸಡಿಲ ಗುಂಡಿ ಬೇಡ. ಕಿತ್ತುಬಂದರೆ ಮೊದಲು ಹೋಗುವುದು ಮಗುವಿನ ಬಾಯಿಗೆ. ಕತ್ತಿನ ಸುತ್ತ ಉದ್ದದ ದಾರ, ರಿಬ್ಬನ್ ಕಟ್ಟಬೇಡಿ. ಅಜ್ಜಿಯ ಪೆಟ್ಟಿಗೆಯಿಂದ ಹಳೆಯ ಅಂಗಿ ತೆಗೆಯುವುದಾದರೆ ಅದರಲ್ಲಿ ನುಸಿಗುಳಿಗೆ ಇಟ್ಟಿದ್ದರೇ ಎಂದು ಕೇಳಿಕೊಳ್ಳಿ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುತ್ತದೆ. ಅಂಥ ಮಗುವಿಗೆ ನುಸಿಗುಳಿಗೆಯ ನ್ಯಾಫ್ತಲೀನ್ ತಗುಲಿದರೆ ಕೆಂಪು ರಕ್ತಕಣಗಳು ಒಡೆದು ತೀವ್ರ ಕಾಮಾಲೆ ಉಂಟಾಗಬಹುದು. ಕೊರತೆ ಇದೆಯೋ ಇಲ್ಲವೋ ಮನೆಯವರಿಗೆ ತಿಳಿದಿರುವುದಿಲ್ಲ. ಆದ್ದರಿಂದ ನುಸಿಗುಳಿಗೆಯ ವಾಸನೆ ಇರುವ ಬಟ್ಟೆಯನ್ನು ಶಿಶುವಿಗೆ ತೊಡಿಸದಿರುವುದೇ ಕ್ಷೇಮ. ಮನೆಯ ಬಟ್ಟೆಯನ್ನು ಮುಂದಿನ ಮಗುವಿಗೆಂದು ಎತ್ತಿಡುವಾಗ ಒಗೆದು, ಬಿಸಿಲಿಗೆ ಹಾಕಿ, ಒಣ ಬೇವಿನೆಲೆಯನ್ನು ಬೇರೆ ಪೊಟ್ಟಣದಲ್ಲಿ ಕಟ್ಟಿ ಜೊತೆಗಿಟ್ಟರೆ ಸಾಕು.

ನಮ್ಮ ಹೆಣ್ಣುಮಕ್ಕಳು ಮದುವೆಯ ದಿನ ಬಿಳಿ ಸೀರೆಯನ್ನೋ ಗೌನನ್ನೋ ಉಟ್ಟಿರುತ್ತಾರೆ. ಆಮೇಲೆ ಅದು ಪೆಟ್ಟಿಗೆ ಸೇರುತ್ತದೆ. ಅದರ ಒಂದು ತುಂಡಿನಿಂದ ಮಗುವಿನ ಅಂಗಿ ಹೊಲಿದು, ಒಳಗೆ ಮೆತ್ತನೆಯ ಹತ್ತಿ ಬಟ್ಟೆ ಕೊಟ್ಟರೆ ವಿವಾಹ ಸಂಸ್ಕಾರವೂ ಜ್ಞಾನಸ್ನಾನವೂ ಒಂದೇ ಬಟ್ಟೆಯಲ್ಲಿ ಕೂಡಿಕೊಳ್ಳುತ್ತವೆ. ಅಂಗಿಯ ಕೆಳ ಅಂಚಿನಲ್ಲಿ ಬಿಳಿ ದಾರದಿಂದ ಮಗುವಿನ ಹೆಸರನ್ನೂ ಜ್ಞಾನಸ್ನಾನದ ದಿನಾಂಕವನ್ನೂ ಕಸೂತಿ ಮಾಡಿ. ಎರಡನೆಯ ಮಗು ಬಂದಾಗ ಅದೇ ಅಂಗಿ, ಎರಡನೆಯ ಹೆಸರು. ಹೀಗೆ ಒಂದು ಅಂಗಿ ಒಂದು ಮನೆಯ ವಿಶ್ವಾಸದ ದಾಖಲೆಯಾಗುತ್ತದೆ.

ಹಳೆ ಸೀರೆಯ ಕೌದಿ

ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುವುದು ಇಂದಿಗೂ ಇದೆ. ಬಾಣಂತಿಯ ಮನೆಗೆ ಕೌದಿ, ಕುಲಾವಿ ಬಾರದೆ ತೊಟ್ಟಿಲು ತುಂಬಿತೆನ್ನುವುದಿಲ್ಲ. ಅನೇಕ ವರ್ಷ ಒಗೆದು ಸವೆದ ಹತ್ತಿ ಬಟ್ಟೆಗಿಂತ ಮೆತ್ತಗಿನದು ಹಸುಗೂಸಿನ ಚರ್ಮಕ್ಕೆ ಬೇರೊಂದಿಲ್ಲ.

ಇದೇ ಕಲೆಯನ್ನು ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ತಾಯಂದಿರು ತಮ್ಮದೇ ರೀತಿಯಲ್ಲಿ ಬೆಳೆಸಿದ್ದಾರೆ. ಶತಮಾನಗಳ ಹಿಂದೆ ಆಫ್ರಿಕದಿಂದ ಬಂದವರ ಸಂತತಿಯಾದ ಈ ಜನರಲ್ಲಿ ಕಥೋಲಿಕರೂ ಇದ್ದಾರೆ, ಮುಸ್ಲಿಮರೂ ಹಿಂದೂಗಳೂ ಇದ್ದಾರೆ. ಅವರು ಹೊಲಿಯುವ ಕವಂದಿ ಅಂಚಿನಿಂದ ಶುರುವಾಗುತ್ತದೆ. ಬಣ್ಣ ಬಣ್ಣದ ತುಂಡುಗಳನ್ನು ಸುತ್ತಲೂ ಹೊಲಿಯುತ್ತ ಕೊನೆಗೆ ನಡುವಿಗೆ ಬಂದು ಮುಗಿಯುತ್ತದೆ. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ತ್ರಿಕೋನವಾಗಿ ಮಡಿಚಿ ಹೊಲಿದ ಹೂ ಇರಬೇಕು. ಅದಿಲ್ಲದ ಕವಂದಿ ಅವರ ಕಣ್ಣಿಗೆ ಬರಿಮೈಯದು. ಕಥೋಲಿಕ ತಾಯಂದಿರು ತುಂಡುಗಳ ನಡುವೆ ಶಿಲುಬೆಯನ್ನು ಹೊಲಿಯುತ್ತಾರೆ. ಮಗುವಿಗೆಂದು ಪುಟ್ಟ ಕವಂದಿಗಳೂ ಇವೆ. ಈ ಕೆಲಸಕ್ಕೆ ಬೇಕಾದದ್ದು ಸೂಜಿ, ದಾರ, ಹಳೆಬಟ್ಟೆ ಮತ್ತು ತಾಳ್ಮೆ. ಆದರೆ ಇಂದು ಅದನ್ನು ನೋಡಲು, ಕೊಳ್ಳಲು ದೂರದ ದೇಶಗಳಿಂದ ಜನ ಬರುತ್ತಾರೆ.

ಕೌದಿಯನ್ನು ಮಗುವಿನ ಕೆಳಗೆ ಹಾಸಲು, ತೊಡೆಯ ಮೇಲೆ ಮಲಗಿಸಿಕೊಳ್ಳಲು ಬಳಸಿ. ನಿದ್ದೆ ಹೋದ ಶಿಶುವಿನ ಮುಖದವರೆಗೆ ದಪ್ಪ ಹೊದಿಕೆ ಎಳೆಯಬೇಡಿ, ಪಕ್ಕದಲ್ಲಿ ದಿಂಬು, ಗೊಂಬೆ ಪೇರಿಸಬೇಡಿ. ಉಸಿರುಕಟ್ಟುವ ಅಪಾಯವಿದೆ. ಗಲ್ಲದ ಕೆಳಗೆ ಕಟ್ಟುವ ಕುಲಾವಿಯನ್ನೂ ಮಗು ಮಲಗಿದಾಗ ಬಿಚ್ಚಿಡಿ.

ಆರಿಸುವ ಬತ್ತಿ, ಹೊತ್ತಿಸುವ ಬತ್ತಿ

ಜ್ಞಾನಸ್ನಾನದಲ್ಲಿ ತಂದೆಯೋ ಜ್ಞಾನತಂದೆ, ಜ್ಞಾನತಾಯಿಯರೋ ಪಾಸ್ಖ ದೀಪದಿಂದ ಮಗುವಿನ ಬತ್ತಿಯನ್ನು ಹೊತ್ತಿಸುತ್ತಾರೆ. ಈ ಬೆಳಕನ್ನು ಆರದಂತೆ ಕಾಪಾಡುವ ಹೊಣೆ ಅವರಿಗೆ ಒಪ್ಪಿಸಲ್ಪಡುತ್ತದೆ. ಹುಟ್ಟುಹಬ್ಬದಲ್ಲಿ ನಾವು ಬತ್ತಿಯನ್ನು ಊದಿ ಆರಿಸಿ ಚಪ್ಪಾಳೆ ತಟ್ಟುತ್ತೇವೆ. ಜ್ಞಾನಸ್ನಾನದಲ್ಲಿ ಬತ್ತಿಯನ್ನು ಹೊತ್ತಿಸಿ ಕೈಗೆ ಕೊಡುತ್ತೇವೆ. ಎರಡೂ ಸಂತೋಷವೇ. ಆದರೆ ಎರಡನೆಯದನ್ನು ಮರೆಯಬಾರದು.

ಈ ಬತ್ತಿಯನ್ನು ಅಣ್ಣ ಅಕ್ಕಂದಿರ ಕೈಯಲ್ಲಿ ಅಲಂಕರಿಸಿರಿ. ದಪ್ಪನೆಯ ಸಾದಾ ಬಿಳಿ ಬತ್ತಿ ತನ್ನಿ. ಬಣ್ಣದ ಮೇಣದ ಬತ್ತಿಯಿಂದ ತೆಳುವಾಗಿ ಸೀಳಿದ ಮೇಣವನ್ನು ಬೆರಳ ಶಾಖಕ್ಕೆ ಮೆತ್ತಗೆ ಮಾಡಿ, ಶಿಲುಬೆ, ಪಾರಿವಾಳ, ನೀರಿನ ಅಲೆ, ಮಗುವಿನ ಹೆಸರು ಇವುಗಳನ್ನು ಅಂಟಿಸಬಹುದು. ಕಾಗದದ ಹೂ, ಪ್ಲಾಸ್ಟಿಕ್ ಎಲೆ, ನೆಟ್ ಬಟ್ಟೆ ಸುತ್ತಬೇಡಿ. ಹತ್ತಿಕೊಂಡರೆ ಮಗುವಿನ ಪಕ್ಕದಲ್ಲೇ ಬೆಂಕಿ. ಜ್ಞಾನಸ್ನಾನ ಮುಗಿದ ಮೇಲೆ ಬತ್ತಿಯನ್ನು ಜೋಪಾನವಾಗಿಟ್ಟು, ಪ್ರತಿ ವರ್ಷ ಆ ದಿನಾಂಕದಂದು ಸಂಜೆಯ ಜಪಸರದ ವೇಳೆ ಹೊತ್ತಿಸಿ. 2025ರಲ್ಲಿ ದೈವಾಧೀನರಾದ ಪೋಪ್ ಫ್ರಾನ್ಸಿಸರು ತಮ್ಮ ಜ್ಞಾನಸ್ನಾನದ ದಿನಾಂಕವನ್ನು ತಿಳಿದುಕೊಂಡು ನೆನೆಯುವಂತೆ ವಿಶ್ವಾಸಿಗಳನ್ನು ಮತ್ತೆ ಮತ್ತೆ ಕೇಳಿಕೊಂಡಿದ್ದರು. ನಿಮ್ಮ ದಿನಾಂಕ ನಿಮಗೆ ಗೊತ್ತೇ? ಗೊತ್ತಿಲ್ಲದಿದ್ದರೆ ಧರ್ಮಕೇಂದ್ರದ ಕಚೇರಿಯ ದಾಖಲೆ ಪುಸ್ತಕದಲ್ಲಿದೆ, ಬಂದು ಕೇಳಿರಿ.

ಒಲೆಯ ಮುಂದೆ

ಕ್ರಿಸ್ತಜಯಂತಿಗೆ ಮುನ್ನ ಕರಾವಳಿಯ ಮನೆಗಳಲ್ಲಿ ಕುಸ್ವಾರ್ ತಯಾರಾಗುತ್ತದೆ. ಬೆಂಗಳೂರು, ಮೈಸೂರು ಕಡೆಯ ಮನೆಗಳಲ್ಲೂ ಕಲ್‌ಕಲ್, ರೋಸ್ ಕುಕ್ಕಿ, ಕರ್ಜಿಕಾಯಿ, ಕೇಕುಗಳ ಸುವಾಸನೆ. ಕಲ್‌ಕಲ್ ಮಾಡುವಾಗ ಮನೆಮಂದಿಯೆಲ್ಲ ಮೇಜಿನ ಸುತ್ತ ಕೂತು, ಹಿಟ್ಟಿನ ಗೋಲಿಗಳನ್ನು ಫೋರ್ಕಿನ ಬೆನ್ನಿನ ಮೇಲೋ ಹೊಸ ಬಾಚಣಿಗೆಯ ಮೇಲೋ ಒತ್ತಿ ಸುರುಳಿ ಸುತ್ತುವುದು ಮಕ್ಕಳಿಗೆ ಆಟ. ಕರಿದ ಮೇಲೆ ತಟ್ಟೆ ತಟ್ಟೆಯಾಗಿ ನೆರೆಮನೆಗಳಿಗೆ ಹೋಗುತ್ತದೆ. ಅಲ್ಲಿ ಜಾತಿ ಮತದ ಲೆಕ್ಕವಿಲ್ಲ. ಇದೇ ರೂಢಿಯನ್ನು ಜ್ಞಾನಸ್ನಾನಕ್ಕೂ ಏಕೆ ತರಬಾರದು?

ಬೇಕರಿಯ ಕ್ರೀಮ್ ಕೇಕಿಗೆ ಬದಲು ರವೆ ಕೇಕು ಮಾಡಿ ನೋಡಿ. ಮೊದಲಿಗೆ 125 ಗ್ರಾಂ ಬೆಣ್ಣೆ ಮತ್ತು 200 ಗ್ರಾಂ ಪುಡಿ ಸಕ್ಕರೆಯನ್ನು ಬೆಳ್ಳಗಾಗುವವರೆಗೆ ತಿಕ್ಕಿ. ನಾಲ್ಕು ಮೊಟ್ಟೆಗಳನ್ನು ಒಂದೊಂದಾಗಿ ಸೇರಿಸಿ ಕಡೆಯಿರಿ. 250 ಗ್ರಾಂ ಚಿರೋಟಿ ರವೆ, ನುಣ್ಣಗೆ ರುಬ್ಬಿದ 150 ಗ್ರಾಂ ತೆಂಗಿನ ತುರಿ, ಏಲಕ್ಕಿ ಪುಡಿ, ಚಿಟಿಕೆ ಉಪ್ಪು ಹಾಕಿ ಕಲಸಿ, ಮೂರು ನಾಲ್ಕು ಗಂಟೆ ಫ್ರಿಜ್ಜಿನಲ್ಲಿಡಿ. ರವೆ ನೆನೆದು ಉಬ್ಬಬೇಕು, ಗುಟ್ಟಿರುವುದು ಅಲ್ಲೇ. ತೀರ ಗಟ್ಟಿಯಾದರೆ ಅರ್ಧ ಲೋಟ ಹಾಲು ಬೆರೆಸಿ. ಬೇಯಿಸುವ ಮುನ್ನ ಒಂದು ಚಹಾ ಚಮಚ ಬೇಕಿಂಗ್ ಪೌಡರ್ ಸೇರಿಸಿ, ಬೆಣ್ಣೆ ಸವರಿದ ಎಂಟು ಅಂಗುಲದ ಡಬ್ಬಿಗೆ ಸುರಿಯಿರಿ. ಓವನ್ ಇದ್ದರೆ 180 ಡಿಗ್ರಿ ಸೆಲ್ಸಿಯಸ್‌ನಲ್ಲಿ 40ರಿಂದ 45 ನಿಮಿಷ.

ಓವನ್ ಇಲ್ಲವೇ? ಚಿಂತೆ ಬೇಡ. ಹಳೆಯ ದೊಡ್ಡ ಕುಕ್ಕರಿನ ತಳದಲ್ಲಿ ಎರಡು ಸೆಂಟಿಮೀಟರಿನಷ್ಟು ಒಣ ಮರಳು ಅಥವಾ ಕಲ್ಲುಪ್ಪು ಹರಡಿ, ಮೇಲೆ ಒಂದು ಸ್ಟ್ಯಾಂಡ್ ಇಡಿ. ಮುಚ್ಚಳದ ರಬ್ಬರನ್ನೂ ವಿಷಲ್ಲನ್ನೂ ತಪ್ಪದೆ ತೆಗೆದುಹಾಕಿ. ನೀರು ಹಾಕಬೇಡಿ. ಹತ್ತು ನಿಮಿಷ ಕಾಯಿಸಿ, ಡಬ್ಬಿ ಇಟ್ಟು, ಸಣ್ಣ ಉರಿಯಲ್ಲಿ 45ರಿಂದ 55 ನಿಮಿಷ ಬೇಯಿಸಿ. ತೆಳುವಾದ ಕಡ್ಡಿ ಚುಚ್ಚಿದರೆ ಹಿಟ್ಟು ಅಂಟದೆ ಬರಬೇಕು. ನೀರಿಲ್ಲದೆ ಕಾಯುವುದರಿಂದ ಕುಕ್ಕರಿಗೆ ಪೆಟ್ಟು ಬೀಳುತ್ತದೆ, ಹಾಗಾಗಿ ದಿನದ ಅಡುಗೆಯ ಕುಕ್ಕರನ್ನು ಬಳಸಬೇಡಿ.

ಇಂಥ ಎರಡು ಕೇಕು, ಒಂದು ದೊಡ್ಡ ಡಬ್ಬಿ ಕಲ್‌ಕಲ್, ಬಿಸಿ ಕಾಫಿ ಇದ್ದರೆ ಭಾನುವಾರದ ಬಲಿಪೂಜೆಯಲ್ಲಿ ಜ್ಞಾನಸ್ನಾನ ಮುಗಿಸಿ, ದೇವಾಲಯದ ಅಂಗಳದಲ್ಲೇ ಎಲ್ಲರೊಡನೆ ಸಂತೋಷ ಹಂಚಿಕೊಳ್ಳಬಹುದು. ಮಗುವನ್ನು ಸ್ವಾಗತಿಸಿದ್ದು ಇಡೀ ಧರ್ಮಕೇಂದ್ರ. ಅಂದಮೇಲೆ ಸಿಹಿಯೂ ಇಡೀ ಧರ್ಮಕೇಂದ್ರಕ್ಕೆ ಸಿಗಲಿ.

ಮಗುವಿನ ತಟ್ಟೆ ಬೇರೆ

ಆದಿ ಧರ್ಮಸಭೆಯಲ್ಲಿ ಹೊಸದಾಗಿ ಜ್ಞಾನಸ್ನಾನ ಪಡೆದವರಿಗೆ ಹಾಲು ಮತ್ತು ಜೇನನ್ನು ಕೊಡುವ ರೂಢಿ ಇತ್ತು. ಸುಮಾರು ಕ್ರಿ.ಶ. 200ರ ಹೊತ್ತಿನಲ್ಲಿ ಬರೆದ ತೆರ್ತುಲ್ಯನ್ ಇದನ್ನು ಪ್ರಸ್ತಾಪಿಸುತ್ತಾನೆ. ವಾಗ್ದತ್ತ ನಾಡಿನ ನೆನಪು ಅದು. ಹಬ್ಬದ ಸಿಹಿಗೆ ಅಷ್ಟು ಹಳೆಯ ಬೇರಿದೆ. ಆದರೆ ಇಂದು ನಮಗೆ ತಿಳಿದಿರುವ ಒಂದು ಸಂಗತಿಯನ್ನು ಗಟ್ಟಿಯಾಗಿ ಹೇಳಬೇಕು. ಒಂದು ವರ್ಷ ತುಂಬದ ಮಗುವಿಗೆ ಜೇನನ್ನು ನೆಕ್ಕಿಸಲೇಬಾರದು. ಜೇನಿನಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಾಣು ಎಳೆಗರುಳಿನಲ್ಲಿ ಬೆಳೆದು ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ತರಬಲ್ಲದು. ಜೇನನ್ನು ಬಿಸಿಮಾಡಿದರೂ ಅದು ಸಾಯುವುದಿಲ್ಲ.

ಮೊದಲ ಆರು ತಿಂಗಳು ತಾಯಿಯ ಹಾಲು ಮಾತ್ರ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆದ್ದರಿಂದ ಪ್ರೀತಿಯಿಂದಲೇ ಆದರೂ ಕೇಕಿನ ಕ್ರೀಮನ್ನು ಮಗುವಿನ ತುಟಿಗೆ ಸವರಬೇಡಿ. ಆರು ತಿಂಗಳಾದ ಮಗುವಿಗೆ ಅಜ್ಜಿಯ ಅತ್ಯುತ್ತಮ ಉಡುಗೊರೆ ರಾಗಿ ಸರಿ. ರಾಗಿಯನ್ನು ತೊಳೆದು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸಿ, ತೆಳುಬಟ್ಟೆಯಲ್ಲಿ ಸೋಸಿದ ಹಿಟ್ಟು ಅದು. ನೀರಿನಲ್ಲಿ ಗಂಟಿಲ್ಲದಂತೆ ಚೆನ್ನಾಗಿ ಬೇಯಿಸಿ ಕೊಡಬೇಕು. ವರ್ಷ ತುಂಬುವವರೆಗೆ ಸಕ್ಕರೆ, ಉಪ್ಪು ಬೇಡ. ಹುಟ್ಟುಹಬ್ಬಕ್ಕೆ ಬಂದ ಪುಟ್ಟ ಮಕ್ಕಳ ಕೈಗೆ ಇಡೀ ಕಡಲೆಬೀಜ, ಗೋಡಂಬಿ ಸಿಗದಂತೆ ನೋಡಿಕೊಳ್ಳಿ, ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯವಿದೆ.

ಇದು ಹೊಸ ಹೊರೆಯಾಗದಿರಲಿ

ಇಷ್ಟೆಲ್ಲ ಓದಿದ ಮೇಲೆ ಒಬ್ಬ ತಾಯಿ ನಿಟ್ಟುಸಿರು ಬಿಡಬಹುದು. "ಗಾರ್ಮೆಂಟ್ ಕೆಲಸದಿಂದ ಬರುವುದೇ ರಾತ್ರಿ. ಇನ್ನು ಅಂಗಿ ಹೊಲಿಯೋದು ಯಾವಾಗ, ಕೇಕು ಸುಡೋದು ಯಾವಾಗ?" ಎಂದು ಕೇಳಬಹುದು. ಆ ಪ್ರಶ್ನೆ ನ್ಯಾಯವಾದದ್ದು. ಕೊಂಡುತಂದ ಆಡಂಬರಕ್ಕೆ ಬದಲಾಗಿ ಮನೆಯಲ್ಲೇ ಮಾಡಿದ ಆಡಂಬರ ಬಂದರೆ, ಅದೂ ಹೆಂಗಸರ ತಲೆಯ ಮೇಲೆ ಮಾತ್ರ ಬಿದ್ದರೆ, ನಾವು ಏನನ್ನೂ ಗಳಿಸಲಿಲ್ಲ. ಬಾಣಂತಿಗೆ ಮೊದಲು ಬೇಕಾದದ್ದು ವಿಶ್ರಾಂತಿ. ಸಂತ ಜೋಸೆಫರು ಕೈಕೆಲಸದವರು. ಅವರನ್ನು ಪಾಲಕರೆಂದು ಕರೆಯುವ ನಮ್ಮ ಗಂಡಸರಿಗೆ ರವೆ ಕಲಸುವುದು, ಕೇಕಿನ ಉರಿ ನೋಡಿಕೊಳ್ಳುವುದು, ಪಾತ್ರೆ ತೊಳೆಯುವುದು ಅವಮಾನವೇನಲ್ಲ.

ಜ್ಞಾನತಂದೆ, ಜ್ಞಾನತಾಯಿಯರನ್ನು ಆರಿಸುವಾಗ ಚಿನ್ನದ ಉಂಗುರ ಕೊಡಬಲ್ಲವರನ್ನು ಹುಡುಕಬೇಡಿ. ಅವರಲ್ಲಿ ಧರ್ಮಸಭೆ ಕೇಳುವುದು ವಿಶ್ವಾಸಕ್ಕೆ ತಕ್ಕ ಬಾಳನ್ನು. ಉಂಗುರಕ್ಕೆ ಬದಲು ಬಿಳಿ ಅಂಗಿಯ ಹೊಣೆಯನ್ನು ಅವರಿಗೆ ವಹಿಸಿ. ಅವರಿಗೂ ಹೊಲಿಯಲು ಬಾರದಿದ್ದರೆ ನಮ್ಮ ಧರ್ಮಕೇಂದ್ರದಲ್ಲೇ ಹೊಲಿಗೆ ಯಂತ್ರ ನಂಬಿ ಬದುಕುವ ತಾಯಂದಿರಿದ್ದಾರೆ, ವಿಧವೆಯರಿದ್ದಾರೆ. ಅವರಿಗೆ ಕೆಲಸ ಕೊಟ್ಟು, ಚೌಕಾಸಿ ಮಾಡದೆ ಕೂಲಿ ಕೊಡಿ. ತಬಿಥಳ ಅಂಗಿಗಳು ಜೊಪ್ಪದಲ್ಲಿ ಮಾಡಿದ ಕೆಲಸವನ್ನು ಆ ಅಂಗಿಯೂ ಮಾಡುತ್ತದೆ. ಕಿರು ಕ್ರೈಸ್ತ ಸಮುದಾಯದ ಹತ್ತು ಮನೆಗಳು ಸೇರಿ, ಒಬ್ಬರು ಅಂಗಿ, ಒಬ್ಬರು ಕೇಕು, ಒಬ್ಬರು ಕಾಫಿ ಎಂದು ಹಂಚಿಕೊಂಡರೆ ಬಡಮನೆಯ ಮಗುವಿನ ಹಬ್ಬವೂ ಯಾವ ಕೊರತೆಯೂ ಇಲ್ಲದೆ ನಡೆಯುತ್ತದೆ. ಯಾರು ಎಷ್ಟು ಕೊಟ್ಟರೆಂದು ಮೈಕಿನಲ್ಲಿ ಓದುವ ಅಗತ್ಯವೂ ಇರುವುದಿಲ್ಲ.

ಏನೂ ಆಗದಿದ್ದರೆ? ಒಗೆದು ಮಡಿಚಿದ ಒಂದು ಬಿಳಿ ಬಟ್ಟೆಯಲ್ಲಿ ಮಗುವನ್ನು ಸುತ್ತಿಕೊಂಡು ಬನ್ನಿ. ಬೆತ್ಲೆಹೇಮಿನಲ್ಲಿ ಇದ್ದದ್ದೂ ಅಷ್ಟೇ.

ಪ್ರಿಯರೇ, ಮರಿಯಮ್ಮನವರೂ ಜೋಸೆಫರೂ ದೇವಾಲಯದ ಮೆಟ್ಟಿಲು ಹತ್ತಿದಾಗ ಅವರ ಕೈಯಲ್ಲಿದ್ದ ಪಾರಿವಾಳಗಳನ್ನು ಕಂಡು ಯಾರಾದರೂ ನಕ್ಕರೋ ಏನೋ, ಶುಭಸಂದೇಶ ಹೇಳುವುದಿಲ್ಲ. ಸಿಮೆಯೋನನೂ ಅನ್ನಳೂ ಮಾತ್ರ ಮಗುವನ್ನು ಕಂಡರು, ದೇವರನ್ನು ಸ್ತುತಿಸಿದರು. ನಿಮ್ಮ ಮನೆಯ ಹಬ್ಬಕ್ಕೆ ಬರುವ ನಾವೂ ಮಗುವನ್ನು ಕಾಣಲು ಬರುತ್ತೇವೆ, ಮೇಜನ್ನು ಎಣಿಸಲು ಅಲ್ಲ. ಮಗು ಹುಟ್ಟಿದ ವಾರವೇ ಧರ್ಮಕೇಂದ್ರದ ಕಚೇರಿಗೆ ಬನ್ನಿ, ದಿನ ಗೊತ್ತುಮಾಡೋಣ. ಅಂಗಿ ಹೊಲಿಯಲು, ಕೇಕು ಬೇಯಿಸಲು ಅಷ್ಟರಲ್ಲಿ ಸಮಯ ಸಿಗುತ್ತದೆ. ಹನ್ನಳಂತೆ ಹೊಲಿಯುವ, ಸಾರಳಂತೆ ನಾದುವ ನಿಮ್ಮ ಕೈಗಳನ್ನು ಬಾಲಯೇಸು ಆಶೀರ್ವದಿಸಲಿ. ಸಮರ್ಪಣೆಯ ಹಬ್ಬದ ಬೆಳಕು ನಿಮ್ಮ ಮನೆಯ ತೊಟ್ಟಿಲುಗಳ ಮೇಲೆ ಬೀಳಲಿ. ಆಮೆನ್.